ಮುಗಿಯದ ಪ್ರೊಬೇಷನ್

ಈ ವರ್ಷ ಹೆಂಗಸರಿಗೆ ನಾಯಕತ್ವ ಕಲಿಸದೆ ಬಿಡುವವರು ಯಾರೂ ಕಾಣುತ್ತಿಲ್ಲ. 2026 ರೈತ ಮಹಿಳೆಯರ ಅಂತರರಾಷ್ಟ್ರೀಯ ವರ್ಷ ಅಂತ ವಿಶ್ವಸಂಸ್ಥೆ ಸಾರಿದ್ದೇ ತಡ, ಬೆಂಗಳೂರಿನ ರಾಜಾಜಿನಗರದಿಂದ ಕೆಂಗೇರಿಯವರೆಗೆ ಎಸಿ ಇರುವ ಸಭಾಂಗಣಗಳಿಗೆಲ್ಲ ಬುಕಿಂಗ್ ಜೋರು. ಮದುವೆ ಮುಹೂರ್ತ ಇಲ್ಲದ ದಿನಗಳಲ್ಲೂ ಹಾಲ್ ಖಾಲಿ ಇಲ್ಲ. ‘ಆಹಾರ ವಿಜ್ಞಾನ ಮತ್ತು ಕೃಷಿಯಲ್ಲಿ ಮಹಿಳಾ ನಾಯಕತ್ವ: ಒಂದು ದಿನದ ಮಾರ್ಗದರ್ಶನ ಕಾರ್ಯಾಗಾರ’ ಅಂತ ಬಾಗಿಲಲ್ಲಿ ಫ್ಲೆಕ್ಸು. ಫ್ಲೆಕ್ಸಿನ ಮೇಲೆ ಏಳು ಫೋಟೊ, ಆರು ಮೀಸೆ. ಏಳನೆಯದು ಭತ್ತದ ತೆನೆ ಹಿಡಿದು ನಗುತ್ತಿರುವ ಹೆಂಗಸಿನದು. ಆಕೆ ಯಾರು ಅಂತ ಫ್ಲೆಕ್ಸ್ ಮಾಡಿಸಿದವರಿಗೂ ಗೊತ್ತಿಲ್ಲ, ಗೂಗಲ್‌ನಲ್ಲಿ ಸಿಕ್ಕಿದ್ದು.

ಕಾರ್ಯಕ್ರಮದಲ್ಲಿ ಮಹಿಳೆಯರಿಗೆ ಅವಕಾಶ ಕೊಟ್ಟಿಲ್ಲ ಅಂತ ಮಾತ್ರ ಯಾರೂ ದೂರುವ ಹಾಗಿಲ್ಲ. ಪ್ರಾರ್ಥನೆ ಅವರದೇ, ನಿರೂಪಣೆ ಅವರದೇ. ಬಾಗಿಲಿಗೆ ರಂಗೋಲಿ, ದೀಪಕ್ಕೆ ಎಣ್ಣೆ ಬತ್ತಿ, ಗಣ್ಯರಿಗೆ ಶಾಲು ಹಾಕುವಾಗ ಪಕ್ಕದಲ್ಲಿ ತಟ್ಟೆ ಹಿಡಿದು ನಿಲ್ಲುವುದು, ಕೊನೆಗೆ ವಂದನಾರ್ಪಣೆ, ಎಲ್ಲವೂ ಅವರದೇ. ನಡುವಿನ ಮೂರು ಗಂಟೆ ಮಾತ್ರ ಗಂಡಸರಿಗೆ. ಆ ಮೂರು ಗಂಟೆಯಲ್ಲಿ ಸಿಗುವ ಮಾರ್ಗದರ್ಶನ ಇಷ್ಟು: ಆತ್ಮವಿಶ್ವಾಸ ಬೆಳೆಸಿಕೊಳ್ಳಿ, ಮೀಟಿಂಗಿನಲ್ಲಿ ಗಟ್ಟಿಯಾಗಿ ಮಾತಾಡಿ, ಸಮಯ ಪಾಲನೆ ಕಲಿಯಿರಿ. ಈ ಕೊನೆಯ ಮಾತನ್ನು ಹೇಳುವವರು ಬಂದಿರುವುದೇ ಮುಕ್ಕಾಲು ಗಂಟೆ ತಡವಾಗಿ. ಕೇಳುತ್ತಿರುವವರು ಬೆಳಗ್ಗೆ ಐದಕ್ಕೆ ಎದ್ದು, ಮನೆಮಂದಿಗೆಲ್ಲ ಡಬ್ಬಿ ಕಟ್ಟಿ, ಮೆಟ್ರೋ ಹಿಡಿದು, ಹೇಳಿದ ಹೊತ್ತಿಗೆ ಸರಿಯಾಗಿ ಬಂದು ಕೂತವರು.

ಈ ಮಾರ್ಗದರ್ಶಕರ ಮೂಲಪುರುಷರು ಯಾರು ಅಂತ ಹುಡುಕಲು ದೂರ ಹೋಗಬೇಕಾಗಿಲ್ಲ. ನವರಂಗ್ ಹತ್ತಿರ ಆಟೊ ಹತ್ತಿದರೆ, ಟ್ರಾಫಿಕ್ ಇಲ್ಲದ ದಿನ (ಅಂಥ ದಿನ ಇದ್ದರೆ) ಹತ್ತೇ ನಿಮಿಷಕ್ಕೆ ಟಾಟಾ ಇನ್‌ಸ್ಟಿಟ್ಯೂಟ್, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆ. 1933ರಲ್ಲಿ ಅಲ್ಲಿಗೆ ಬೊಂಬಾಯಿಯಿಂದ ಕಮಲಾ ಭಾಗವತ್ ಎಂಬ ಹುಡುಗಿಯ ಅರ್ಜಿ ಬಂತು. ಬಿಎಸ್ಸಿಯಲ್ಲಿ ಬೊಂಬಾಯಿ ವಿಶ್ವವಿದ್ಯಾಲಯಕ್ಕೇ ಮೊದಲಿಗಳು. ಅಪ್ಪ, ಅಪ್ಪನ ಸಹೋದರ ಇಬ್ಬರೂ ಇದೇ ಸಂಸ್ಥೆಯಲ್ಲಿ ಓದಿದ ರಸಾಯನಶಾಸ್ತ್ರಜ್ಞರು. ಆಗ ಸಂಸ್ಥೆಯ ನಿರ್ದೇಶಕರು ಸಿ.ವಿ. ರಾಮನ್. ನೊಬೆಲ್ ಬಂದು ಮೂರು ವರ್ಷ ಆಗಿತ್ತು. ಹೆಣ್ಣು ಅನ್ನುವ ಕಾರಣಕ್ಕೆ ಅರ್ಜಿ ತಿರಸ್ಕಾರವಾಯಿತು. ಹುಡುಗಿ ರೈಲು ಹತ್ತಿ ಬಂದು ಎದುರಿಗೇ ನಿಂತಳು, ಸೇರಿಸಿಕೊಳ್ಳದೆ ಇಲ್ಲಿಂದ ಹೋಗುವುದಿಲ್ಲ ಅಂತ ಗಾಂಧಿ ದಾರಿ ಹಿಡಿದಳು. ಕಡೆಗೆ ರಾಮನ್ ಒಪ್ಪಿದರು, ಷರತ್ತಿನ ಮೇಲೆ. ಮೊದಲ ವರ್ಷ ಪ್ರೊಬೇಷನ್, ರೆಗ್ಯುಲರ್ ವಿದ್ಯಾರ್ಥಿನಿ ಅಲ್ಲ. ಗೈಡ್ ಹೇಳಿದರೆ ರಾತ್ರಿಯೂ ಕೆಲಸ ಮಾಡಬೇಕು. ಗಂಡುಹುಡುಗರ ಗಮನ ಕೆಡಿಸಬಾರದು.

ಬೆಳಕು ಚದುರುವುದನ್ನು ಜಗತ್ತಿಗೆ ತೋರಿಸಿಕೊಟ್ಟವರು ಹುಡುಗರ ಮನಸ್ಸು ಚದುರೀತು ಅಂತ ಹೆದರಿದರು. ನನ್ನನ್ನು ಕೇಳಿದರೆ ಆ ಮೂರನೇ ಷರತ್ತಿನಿಂದ ಮಾನ ಹೋಗಬೇಕಾದ್ದು ಹುಡುಗರದು. ಲ್ಯಾಬಿಗೆ ಒಂದು ಸೀರೆ ಬಂದರೆ ಟೆಸ್ಟ್‌ಟ್ಯೂಬ್ ಕೈಜಾರಿ ಬೀಳಿಸುವ ಪೈಕಿ ಅಂತ ಅವರ ಬಗ್ಗೆ ನಿರ್ದೇಶಕರೇ ಸರ್ಟಿಫಿಕೇಟ್ ಕೊಟ್ಟಂತಾಯಿತು.

ರಾಮನ್ ಅವರನ್ನು ಬಯ್ಯಲು ಈಗ ಸುಲಭ, ಬಯ್ಯುವುದು ನ್ಯಾಯವೂ ಹೌದು. ಆದರೆ ಈಗಿನ ಕಾರ್ಯಾಗಾರಗಳನ್ನು ನೋಡಿದ ಮೇಲೆ ಅವರ ಮೇಲೆ ನನಗೆ ವಿಚಿತ್ರ ಗೌರವ ಹುಟ್ಟಿದೆ. ಮನುಷ್ಯ ಒಂದು ವರ್ಷ ಅಂತ ವಾಯಿದೆ ಹೇಳಿದರು. ವರ್ಷ ತುಂಬಿದಾಗ ಮಾಡಿದ ಕೆಲಸ ನೋಡಿದರು, ಒಪ್ಪಿದರು, ರೆಗ್ಯುಲರ್ ಮಾಡಿದರು, ಬೇರೆ ಹುಡುಗಿಯರಿಗೂ ಬಾಗಿಲು ತೆರೆಸಿದರು. ‘ನಿಮ್ಮಲ್ಲಿ ಅಪಾರ ಸಾಮರ್ಥ್ಯ ಇದೆ, ಇನ್ನೂ ಸ್ವಲ್ಪ ಬೆಳೆಯಬೇಕು’ ಅಂತ ಹೇಳಿ ಪೆನ್ನು, ಫೈಲು, ತುಳಸಿ ಗಿಡ ಕೊಟ್ಟು ಮನೆಗೆ ಕಳಿಸಲಿಲ್ಲ.

ಇನ್ನು ನಿಜವಾದ ಮೆಂಟರ್ ಅಂದರೆ ಏನು ಅನ್ನುವುದೂ ಅದೇ ಕಟ್ಟಡದಲ್ಲಿತ್ತು. ಕಮಲಾಗೆ ಗೈಡ್ ಆಗಿ ಸಿಕ್ಕವರು ಜೀವರಸಾಯನ ವಿಭಾಗದ ಎಂ. ಶ್ರೀನಿವಾಸಯ್ಯ. ಕಟ್ಟುನಿಟ್ಟಿನ ಮನುಷ್ಯ, ಬೆಳಗಿನಿಂದ ರಾತ್ರಿಯವರೆಗೆ ದುಡಿಸುತ್ತಿದ್ದರಂತೆ. ಹಾಲು, ಬೇಳೆಕಾಳುಗಳಲ್ಲಿರುವ ಪ್ರೋಟೀನ್ ಮೇಲೆ ಕೆಲಸ ಕೊಟ್ಟರು. ಅದು ಈ ದೇಶದ ಬಡವರ ತಟ್ಟೆಗೆ ನೇರವಾಗಿ ಸಂಬಂಧಪಟ್ಟ ವಿಜ್ಞಾನ. ಹೊರದೇಶದ ದೊಡ್ಡ ವಿಜ್ಞಾನಿಗಳನ್ನು ಓದು, ಅವರಿಗೆ ಕಾಗದ ಬರೆ ಅಂದರು. 1936ರಲ್ಲಿ ಎಂಎಸ್ಸಿ. ಅಲ್ಲಿಂದ ಕೇಂಬ್ರಿಜ್. ಆಲೂಗಡ್ಡೆಯ ಮೇಲೆ ಕೆಲಸ ಶುರುಮಾಡಿ, ಸೈಟೋಕ್ರೋಮ್ ‘ಸಿ’ ಸಸ್ಯಗಳಲ್ಲೂ ಇದೆ ಅಂತ ತೋರಿಸಿ 1939ರಲ್ಲಿ ಪಿಎಚ್‌ಡಿ ಪಡೆದರು. 14 ತಿಂಗಳ ಕೆಲಸ, 40 ಪುಟದ ಪ್ರಬಂಧ. ನಮ್ಮ ಒಂದು ದಿನದ ನಾಯಕತ್ವ ಕಾರ್ಯಾಗಾರದ ವರದಿ, ದೀಪ ಬೆಳಗುವ ಫೋಟೊಗಳೂ ಸೇರಿ, ಅದಕ್ಕಿಂತ ದಪ್ಪ ಇರುತ್ತದೆ.

ಇಷ್ಟಾದ ಮೇಲೆ ಆಕೆಯ ಪ್ರೊಬೇಷನ್ ಮುಗಿಯಿತು ಅಂತ ನೀವು ಅಂದುಕೊಳ್ಳಬಹುದು. ಮದುವೆಯಾಗಿ ಕಮಲಾ ಸೊಹೊನಿ ಆದರು, ಬೊಂಬಾಯಿಯ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ನಲ್ಲಿ ಪ್ರೊಫೆಸರ್ ಆದರು, ನೀರಾ ಪಾನೀಯದ ಪೌಷ್ಟಿಕತೆಯ ಮೇಲೆ ಮಾಡಿದ ಸಂಶೋಧನೆಗೆ ರಾಷ್ಟ್ರಪತಿ ಪ್ರಶಸ್ತಿ ಬಂತು. ಆದರೂ ಆ ಸಂಸ್ಥೆಯ ನಿರ್ದೇಶಕಿಯ ಕುರ್ಚಿಗೆ ಒಳರಾಜಕೀಯ ಅಡ್ಡ ಬಂದು 4 ವರ್ಷ ಕಾಯಿಸಿದರು. ರಾಮನ್ ಕಾಯಿಸಿದ್ದರ ನಾಲ್ಕು ಪಟ್ಟು! 1998ರಲ್ಲಿ ಐಸಿಎಂಆರ್ ದೆಹಲಿಗೆ ಕರೆದು ಸನ್ಮಾನ ಇಟ್ಟುಕೊಂಡಿತು. ಸಮಾರಂಭದಲ್ಲೇ ಕುಸಿದರು, ಆಮೇಲೆ ಹೆಚ್ಚು ದಿನ ಉಳಿಯಲಿಲ್ಲ. ಕುರ್ಚಿ ಕೊಡಲು ಮೀನಮೇಷ ಎಣಿಸುವ ನಾವು ಶಾಲು ಹೊದಿಸಲು ಮಾತ್ರ ಎಂದೂ ಹಿಂದೆ ಬಿದ್ದವರಲ್ಲ.

ಕುರ್ಚಿಯ ಮಾತು ಬಂದಿತಲ್ಲ. 1909ರಲ್ಲಿ ಶುರುವಾದ ಟಾಟಾ ಇನ್‌ಸ್ಟಿಟ್ಯೂಟ್ 2009ರಲ್ಲಿ ನೂರು ವರ್ಷದ ಹಬ್ಬ ಮಾಡುವ ಹೊತ್ತಿಗೂ ಒಬ್ಬ ನಿರ್ದೇಶಕಿಯ ಮುಖ ಕಂಡಿರಲಿಲ್ಲ. ದೇಶದ ಕೃಷಿ ವಿಜ್ಞಾನಕ್ಕೆಲ್ಲ ಯಜಮಾನ ಅನ್ನಿಸಿಕೊಂಡ ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿನಲ್ಲಿ 1965ರಲ್ಲಿ ಬಿ.ಪಿ. ಪಾಲ್ ಮೊದಲ ಮಹಾನಿರ್ದೇಶಕರಾದರು. ಅಲ್ಲಿಂದೀಚೆಗೆ ಆ ಹುದ್ದೆಗೆ ಮಹಿಳೆ ಬಂದಿಲ್ಲ. ನಮ್ಮ ಯಳಂದೂರಿನ ಎಸ್. ಅಯ್ಯಪ್ಪನ್ ಆ ಕುರ್ಚಿ ಏರಿದಾಗ, ಬೆಳೆ ವಿಜ್ಞಾನದ ಆಚೆಯಿಂದ ಬಂದ ಮೊದಲಿಗರು ಅಂತ ಎಲ್ಲರೂ ಹೆಮ್ಮೆಪಟ್ಟೆವು, ಅವರದು ಮೀನುಗಾರಿಕೆ ವಿಜ್ಞಾನ. ಅಂದರೆ ಆ ಕಟ್ಟಡದ ಮೇಲಿನ ಮಹಡಿಗೆ ಮೀನು ಹತ್ತಿತು, ಹೆಣ್ಣು ಹತ್ತಲಿಲ್ಲ. ಮೈಸೂರಿನ ಸಿಎಫ್‌ಟಿಆರ್‌ಐ ಸೇರಿದಂತೆ ಎಷ್ಟೋ ಪ್ರಯೋಗಾಲಯಗಳ ತಾಯಿ ಸಂಸ್ಥೆ ಸಿಎಸ್‌ಐಆರ್ ಹುಟ್ಟಿದ್ದು 1942ರಲ್ಲಿ, ಅದಕ್ಕೆ ಮೊದಲ ಮಹಾನಿರ್ದೇಶಕಿಯಾಗಿ ಎನ್. ಕಲೈಸೆಲ್ವಿ ಬಂದದ್ದು 2022ರಲ್ಲಿ. ತಾಯಿ ಸಂಸ್ಥೆಗೆ ಒಬ್ಬ ಹೆಂಗಸು ಸಿಗಲು 80 ವರ್ಷ. ಭುವನೇಶ್ವರದಲ್ಲಿ ಕೃಷಿ ಮಹಿಳೆಯರಿಗಾಗಿಯೇ ಒಂದು ಕೇಂದ್ರ ಸಂಸ್ಥೆ ಇದೆ. ಅಲ್ಲಿನ ನಿರ್ದೇಶಕರ ಕುರ್ಚಿಯಲ್ಲೂ ಗಂಡಸರು ಕೂತದ್ದುಂಟು. ಮಹಿಳೆಯರ ಕಷ್ಟ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಇದನ್ನೆಲ್ಲ ಕಾರ್ಯಾಗಾರದಲ್ಲಿ ಕೇಳಿದರೆ ಸಿಗುವ ಉತ್ತರ ಒಂದೇ: ‘ಹೆಣ್ಣುಮಕ್ಕಳು ಮುಂದೆ ಬರ್ತಾ ಇಲ್ಲ ಮೇಡಂ.’ ಬಾಗಿಲಿಗೆ ಬೀಗ ಹಾಕಿ ಒಳಗೆ ಕೂತವರು ಕಿಟಕಿಯಲ್ಲಿ ತಲೆ ಹಾಕಿ, ಯಾಕೆ ಒಳಗೆ ಬರ್ತಿಲ್ಲ ಅಂತ ವಿಚಾರಿಸುತ್ತಾರೆ.

ವಿಜ್ಞಾನ ಬಿಡಿ, ಮಣ್ಣಿಗೆ ಬನ್ನಿ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಬೇರು ಇರುವುದು 1899ರಲ್ಲಿ ಹೆಬ್ಬಾಳದಲ್ಲಿ ಕೊಟ್ಟ 30 ಎಕರೆಯಲ್ಲಿ. ಕೊಟ್ಟವರು ಮೈಸೂರಿನ ರೀಜೆಂಟ್ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನ. ಅಲ್ಲಿ ಪ್ರಯೋಗ ಶುರುಮಾಡಿದವರು ಲೆಹ್ಮನ್ ಎಂಬ ವಿಜ್ಞಾನಿ. ಒಬ್ಬ ಹೆಂಗಸು ಸಹಿ ಹಾಕಿ ಜಮೀನು ಕೊಟ್ಟದ್ದರಿಂದ ಈ ನಾಡಿನ ಕೃಷಿ ವಿಜ್ಞಾನ ಶುರುವಾಯಿತು ಅಂತ ಯಾವ ಮೆಂಟರೂ ಸ್ಲೈಡ್‌ನಲ್ಲಿ ಹಾಕಿದ್ದು ನಾನು ಕಂಡಿಲ್ಲ.

ಈಗ ಅದೇ ರಾಜ್ಯದಲ್ಲಿ ರೈತ ಸಂಪರ್ಕ ಕೇಂದ್ರಕ್ಕೆ ಹೆಂಗಸು ಹೋಗಿ ಸಬ್ಸಿಡಿ ಬೀಜ ಕೇಳಿದರೆ ಕೌಂಟರಿನವರು ರೈತರ ಗುರುತಿನ ಎಫ್‌ಐಡಿ ನಂಬರ್ ಕೇಳುತ್ತಾರೆ. ಎಫ್‌ಐಡಿಗೆ ಪಹಣಿ ಬೇಕು. ಪಹಣಿಯಲ್ಲಿ ಮಾವನ ಹೆಸರಿದೆ, ಮಾವ ತೀರಿಕೊಂಡು ಎಷ್ಟೋ ವರ್ಷ ಆಗಿದೆ. ಬಿತ್ತಿದವಳು, ಕಳೆ ತೆಗೆದವಳು, ಕಣದಲ್ಲಿ ಬೀಜದ ತೆನೆ ಆರಿಸಿ ಇಟ್ಟವಳು ಕಂಪ್ಯೂಟರಿನ ಲೆಕ್ಕದಲ್ಲಿ ರೈತಳಲ್ಲ, ಸತ್ತ ಮಾವ ರೈತ. 2015-16ರ ಕೃಷಿ ಗಣತಿಯ ಪ್ರಕಾರ ದೇಶದ ಹಿಡುವಳಿದಾರರಲ್ಲಿ ಹೆಂಗಸರು ನೂರಕ್ಕೆ 14ರಷ್ಟೂ ಇಲ್ಲ. ಉಳಿದ ಹೆಂಗಸರು ನಾಯಕತ್ವದ ಗುಣ ಕಡಿಮೆಯಿದ್ದುದರಿಂದ ಜಮೀನು ಬೇಡ ಅಂದಿರಬೇಕು.

ನಮ್ಮ ಪಶ್ಚಿಮ ಬೆಂಗಳೂರಿನ ಅಂಚಿನಲ್ಲಿ ಹೆಂಗಸಿನ ಸಹಿಗೆ ಭಾರಿ ಬೆಲೆ ಬಂದಿರುವ ಜಾಗ ಒಂದಿದೆ, ಅದು ಸಬ್‌ರಿಜಿಸ್ಟ್ರಾರ್ ಆಫೀಸು. ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು ಅಂತ ಕರ್ನಾಟಕ 1994ರಲ್ಲೇ ಕಾನೂನು ತಂದಿತು. ಕೇಂದ್ರಕ್ಕೆ ಬುದ್ಧಿ ಬಂದದ್ದು 2005ರಲ್ಲಿ. ಆಮೇಲೆ ಕೆಂಗೇರಿಯ ಆಚೆ ಮೆಟ್ರೋ ಬಂತು, ಮಾಗಡಿ ರಸ್ತೆಗೂ ಮೈಸೂರು ರಸ್ತೆಗೂ ನಡುವೆ ಕೆಂಪೇಗೌಡ ಬಡಾವಣೆ ಬಂತು, ರಾಗಿ ಹೊಲಕ್ಕೆ ಚದರಡಿ ರೇಟು ಬಂತು. ವರ್ಷಗಟ್ಟಲೆ ಹಬ್ಬಕ್ಕೂ ಕರೆಯದ ಅಣ್ಣಂದಿರಿಗೆ ತಂಗಿಯರ ನೆನಪು ಉಕ್ಕಿ ಬಂದದ್ದು ಆಗಲೇ. ಕಾರು ಮಾಡಿಕೊಂಡು ಹೋಗಿ ಕರೆತರುತ್ತಾರೆ. ದಾರಿಯಲ್ಲಿ ಮಸಾಲೆ ದೋಸೆ, ಆಮೇಲೆ ಆಫೀಸಿನಲ್ಲಿ ಕ್ಯಾಮೆರಾ ಎದುರು ಕೂರಿಸಿ ಹೆಬ್ಬೆಟ್ಟು. ಹಕ್ಕು ಬಿಡುಗಡೆ ಪತ್ರ ಅಂತ ಅದರ ಹೆಸರು. ‘ನಾನು ಸ್ವಇಚ್ಛೆಯಿಂದ, ಯಾರ ಒತ್ತಾಯವೂ ಇಲ್ಲದೆ’ ಅಂತ ಓದಿ ಹೇಳುವಾಗ ಅಣ್ಣನ ಕೈ ತಂಗಿಯ ಕುರ್ಚಿಯ ಬೆನ್ನಿನ ಮೇಲಿರುತ್ತದೆ. ವಾಪಸ್ ಬಿಡುವಾಗ ಅರಿಶಿನ ಕುಂಕುಮಕ್ಕೆ ಅಂತ ಒಂದು ಸೀರೆ.

ನನಗೆ ಗೊತ್ತಿರುವ ಮಟ್ಟಿಗೆ ಈ ದೇಶದಲ್ಲಿ ಅತ್ಯಂತ ಯಶಸ್ವಿಯಾಗಿ ನಡೆಯುತ್ತಿರುವ ಮಾರ್ಗದರ್ಶನ ಕಾರ್ಯಕ್ರಮ ಇದೇ. ಎಲ್ಲಿ ಸಹಿ ಹಾಕಬೇಕು ಅಂತ ಬೆರಳಿಟ್ಟು ತೋರಿಸುತ್ತಾರೆ. ಬಂದ ಪ್ರತಿ ಮಹಿಳೆಗೂ ಮಾರ್ಗ ಸಿಗುತ್ತದೆ, ತವರಿನಿಂದ ಹೊರಕ್ಕೆ.

ಇನ್ನು ಮಣ್ಣು ಬಿಟ್ಟು ಬಾಣಲೆಗೆ ಬನ್ನಿ. ಬಸವೇಶ್ವರನಗರದ ಒಂದು ಕಾಂಡಿಮೆಂಟ್ಸ್ ಅಂಗಡಿಯ ಹಿಂಭಾಗಕ್ಕೆ ಒಮ್ಮೆ ಹೋಗಿ ನೋಡಿ. ಮುಂದೆ ಗಾಜಿನ ಡಬ್ಬಿಗಳ ಸಾಲು, ಗಲ್ಲಾದಲ್ಲಿ ಓನರು, ಅವರ ತಲೆಯ ಮೇಲೆ ದೇವರ ಪಟ ಮತ್ತು ಫ್ರೇಮ್ ಹಾಕಿಸಿದ ಎಫ್‌ಎಸ್‌ಎಸ್‌ಎಐ ಲೈಸೆನ್ಸು. ಹಿಂದೆ ತಗಡಿನ ಶೆಡ್ಡಿನಲ್ಲಿ ಎರಡು ಬಾಣಲೆ, ನಾಲ್ಕು ಹೆಂಗಸರು. ಅವರಲ್ಲಿ ಹಿರಿಯಾಕೆ ಸುಂಕದಕಟ್ಟೆಯಿಂದ ಬರುತ್ತಾರೆ, ಎಲ್ಲರೂ ಅಕ್ಕ ಅನ್ನುತ್ತಾರೆ. ಕೋಡುಬಳೆ ಹಿಟ್ಟಿಗೆ ಕಾದ ಎಣ್ಣೆ ಸುರಿದು ಮುಷ್ಟಿಯಲ್ಲಿ ಒತ್ತಿ ನೋಡುತ್ತಾರೆ, ಉಂಡೆ ನಿಂತರೆ ಸಾಕು, ಅಳತೆ ಇಲ್ಲ.

‘ಮಳೆ ಹಿಡಿದಾಗ ಹಿಟ್ಟೇ ತೇವ ಎಳ್ಕೊಂಡಿರುತ್ತೆ ಮೇಡಂ, ನೀರು ಕಮ್ಮಿ ಹಾಕ್ಬೇಕು. ಇಲ್ಲಾಂದ್ರೆ ಮಾರನೇ ದಿನಕ್ಕೇ ಮೆತ್ತಗಾಗುತ್ತೆ.’

ಬಾಣಲೆಗೆ ಬಿಟ್ಟ ಬಳೆಗಳ ಸುತ್ತ ಎಣ್ಣೆ ನೊರೆ ಕಟ್ಟುತ್ತದೆ. ಹೊಸದಾಗಿ ಸೇರಿದ ಹುಡುಗಿ ಬಣ್ಣ ಬಂತು ಅಂತ ತೆಗೆಯಲು ಹೋದರೆ ಅಕ್ಕ ಕೈ ತಡೆಯುತ್ತಾರೆ. ‘ಬಣ್ಣ ನೋಡ್ಬೇಡ, ನೊರೆ ನೋಡು. ನೊರೆ ಇಳಿಯೋತನಕ ಒಳಗೆ ನೀರಿದೆ.’ ತೆಗೆದ ಮೇಲೆ ಒಂದನ್ನು ಕಿವಿ ಹತ್ತಿರ ಹಿಡಿದು ಮುರಿಯುತ್ತಾರೆ. ಸದ್ದು ಸರಿ ಇದ್ದರೆ ಆ ಘಾಣ ಪಾಸು. ಹಸಿ ತೆಂಗಿನಕಾಯಿ ಹಾಕಿದರೆ ಬೇಗ ಮುಗ್ಗುತ್ತದೆ, ಕೊಬ್ಬರಿ ಹಾಕಿದರೆ ಬಾಳುತ್ತದೆ ಅನ್ನುವುದರಿಂದ ಹಿಡಿದು ಪ್ಯಾಕೆಟ್ಟಿನ ಮೇಲೆ ಯಾವ ತಾರೀಖು ಒತ್ತಬೇಕು ಅನ್ನುವವರೆಗೆ ಅಂಗಡಿಯಲ್ಲಿ ಕೊನೆಯ ಮಾತು ಈಕೆಯದೇ. ತೇವಾಂಶ, ಬಾಳಿಕೆ, ಗುಣಮಟ್ಟ ಪರೀಕ್ಷೆ, ಜೊತೆಗೆ ಹೊಸಬರ ತರಬೇತಿ. ಕಂಪನಿಯಲ್ಲಾದರೆ ಈ ಒಂದೊಂದಕ್ಕೂ ಒಂದೊಂದು ಕ್ಯಾಬಿನ್, ಬಾಗಿಲ ಮೇಲೆ ಹಿತ್ತಾಳೆ ಬೋರ್ಡು. ಇಲ್ಲಿ ದಿನಗೂಲಿ.

ಸಣ್ಣ ಆಹಾರ ಉದ್ಯಮಕ್ಕೆ ಅಂತ ಕೇಂದ್ರ 2020ರಲ್ಲಿ ಪಿಎಂಎಫ್‌ಎಂಇ ಯೋಜನೆ ತಂದಿತು. ಸಾಲದ ಜೊತೆ ಯೋಜನೆಯ ವೆಚ್ಚದ ನೂರಕ್ಕೆ 35ರಷ್ಟು, 10 ಲಕ್ಷದವರೆಗೆ ಸಬ್ಸಿಡಿ. ಸ್ವಂತ ಅಂಗಡಿ ಹಾಕಬಾರದೆ ಅಕ್ಕ ಅಂತ ಕೇಳಿದೆ. ‘ಬ್ಯಾಂಕ್‌ನೋರು ಮನೆ ಪತ್ರ ಕೇಳ್ತಾರೆ, ಇಲ್ಲಾಂದ್ರೆ ಯಜಮಾನ್ರನ್ನ ಕರ್ಕೊಂಡ್ ಬಾ ಅಂತಾರೆ. ಯಜಮಾನ್ರು ಕರ್ಕೊಂಡ್ ಹೋಗೋ ಸ್ಥಿತೀಲಿ ಯಾವತ್ತಿರ್ತಾರೆ ಹೇಳಿ’ ಅಂತ ನಕ್ಕರು. ನಾಯಕತ್ವದ ಕಾರ್ಯಾಗಾರ ಒಂದಿದೆ, ಬರ್ತೀರಾ ಅಂದೆ. ಯಾವ ವಾರ ಅಂತ ಕೇಳಿದರು. ಶನಿವಾರ ಅಂದೆ. ‘ಶನಿವಾರ ಚಕ್ಕುಲಿ’ ಅಂತ ಬಾಣಲೆಯತ್ತ ತಿರುಗಿದರು.

ಇನ್ನೊಬ್ಬರ ವಿಷಯ ಹೇಳಿ ನಿಲ್ಲಿಸುತ್ತೇನೆ. ವಿಜಯನಗರದಲ್ಲಿ ನಮ್ಮ ಪಕ್ಕದ ಬೀದಿಯವರು, ಒಂದು ಸಂಶೋಧನಾ ಸಂಸ್ಥೆಯಲ್ಲಿ ಹಿರಿಯ ವಿಜ್ಞಾನಿ, ಬೇಳೆಕಾಳಿನ ಮೇಲೆಯೇ ಬದುಕು ಸವೆಸಿದವರು. ಮಾಗಡಿ ಅವರೆಕಾಯಿ ಬರುವ ಕಾಲಕ್ಕೆ ಮಾರುಕಟ್ಟೆಯಲ್ಲಿ ಸಿಕ್ಕರೆ, ಈಗಿನ ತಳಿಗಳಲ್ಲಿ ಸೊಗಡು ಯಾಕೆ ಕಡಿಮೆ ಅನ್ನುವುದನ್ನು ಅರ್ಧ ಗಂಟೆ ನಿಲ್ಲಿಸಿ ಪಾಠ ಮಾಡುತ್ತಾರೆ, ಅಂಗಡಿಯವನೂ ತಕ್ಕಡಿ ಬಿಟ್ಟು ಕೇಳುತ್ತಾನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಇವರನ್ನು ‘ಯುವ ಮಹಿಳಾ ಪ್ರತಿಭೆ’ ಅಂತ ತರಬೇತಿಗೆ ಕಳಿಸಿದರು. ಮಕ್ಕಳು ಹೈಸ್ಕೂಲಿಗೆ ಬಂದಾಗ ‘ಉದಯೋನ್ಮುಖ ನಾಯಕಿ’ ಅಂತ ಇನ್ನೊಂದಕ್ಕೆ ಕಳಿಸಿದರು. ಮಗಳ ಬಾಣಂತನದ ಹೊತ್ತಿಗೂ ಅವರು ಉದಯಿಸುತ್ತಲೇ ಇದ್ದರು. ಪ್ರತಿ ಸಲ ವಿಭಾಗದ ಮುಖ್ಯಸ್ಥರ ಹುದ್ದೆ ಖಾಲಿಯಾದಾಗಲೂ ಮೇಡಂಗೆ ಇನ್ನೂ ಸ್ವಲ್ಪ ಆಡಳಿತದ ಅನುಭವ ಬೇಕು ಅನ್ನುತ್ತಿದ್ದರು. ಆಡಳಿತದ ಅನುಭವ ಬರುವುದು ಮುಖ್ಯಸ್ಥರಾದ ಮೇಲೆ. ಆದರೂ ಅನುಭವ ಬರಲಿ ಅಂತ ಕ್ಯಾಂಟೀನ್ ಸಮಿತಿ, ರಾಜ್ಯೋತ್ಸವ ಸಮಿತಿ, ಮಹಿಳಾ ದಿನಾಚರಣೆ ಸಮಿತಿ ಮೂರಕ್ಕೂ ಅಧ್ಯಕ್ಷೆ ಮಾಡಿದ್ದರು.

ಈ ಸಲದ ಮೆಂಟರಿಂಗ್ ಕಾರ್ಯಕ್ರಮದ ಅರ್ಜಿ ಹಿಡಿದು ಅವರ ಮನೆಯ ಜಗುಲಿಯಲ್ಲೇ ಕೂತು ತುಂಬಿದೆವು. ನಾಲ್ಕು ಪುಟ. ತಂದೆ ಅಥವಾ ಗಂಡನ ಹೆಸರು ಮೊದಲನೇ ಪುಟದಲ್ಲೇ ಇತ್ತು, ಪ್ರಕಟವಾದ ಸಂಶೋಧನೆಗೆ ಮೂರನೇ ಪುಟದಲ್ಲಿ ಎರಡು ಗೆರೆ. ಕಚೇರಿ ಮುಖ್ಯಸ್ಥರ ನಿರಾಕ್ಷೇಪಣಾ ಪತ್ರ ಕಡ್ಡಾಯ. ‘ಸ್ವತಂತ್ರವಾಗಿ ನಿರ್ಧಾರ ಕೈಗೊಳ್ಳುವ ನಿಮ್ಮ ಸಾಮರ್ಥ್ಯವನ್ನು ವಿವರಿಸಿ’ ಅನ್ನುವ ಪ್ರಶ್ನೆಯ ಕೆಳಗೇ ಆ ಪತ್ರ ಲಗತ್ತಿಸಲು ಜಾಗ ಬಿಟ್ಟಿದ್ದರು. ‘ಐದು ವರ್ಷದ ನಂತರ ನಿಮ್ಮನ್ನು ಯಾವ ಸ್ಥಾನದಲ್ಲಿ ನೋಡಲು ಬಯಸುತ್ತೀರಿ?’ ಅಂತ ಕೊನೆಯ ಪ್ರಶ್ನೆ. ಅವರು ಕನ್ನಡಕ ಸರಿಮಾಡಿಕೊಂಡು ‘ಪಿಂಚಣಿದಾರಳು’ ಅಂತ ದುಂಡಗೆ ಬರೆದರು.

ಆಯ್ಕೆಯಾದರು. ಯಾರಿಗೆ ಯಾರು ಮೆಂಟರ್ ಅನ್ನುವ ಪಟ್ಟಿ ವಾಟ್ಸಾಪಿನಲ್ಲಿ ಬಂತು. ಇವರಿಗೆ ಸಿಕ್ಕವರು ಇನ್ನೊಂದು ಸಂಸ್ಥೆಯ ನಿರ್ದೇಶಕರು. ಇವರ ಕೈಕೆಳಗೇ ಪಿಎಚ್‌ಡಿ ಮಾಡಿ ಹೋದ ಹುಡುಗ.

‘ಪಾಪ, ಒಳ್ಳೇ ಹುಡುಗ ಕಣ್ರೀ’ ಅಂದರು ಮೇಡಂ. ‘ಥೀಸಿಸ್‌ನಲ್ಲಿ ಎಲ್ಲಾ ಟೇಬಲ್‌ಗೂ ಕೊನೇ ಕಾಲಂ ತಪ್ಪು ಕೂಡ್ತಿದ್ದ. ನಾನೇ ಕೂತು ಸರಿಮಾಡಿ ಕೊಡ್ತಿದ್ದೆ. ಈಗ ಯಾರು ಮಾಡಿಕೊಡ್ತಾರೋ.’